ಕೋವಿ ಬೇಡ, ಕಾರಣ ಬೇಕು

ನನ್ನ ಮಾವನಿಗೆ, ಅಂದರೆ ಅಮ್ಮನ ಅಣ್ಣನಿಗೆ, ಒಂದು ಕೋವಿ ಇತ್ತು. ಟಯರ್ ಅಂಗಡಿ ಮುಚ್ಚಿದ ಮೇಲೆ ಅವರು ಕಾವೂರು ಕೆರೆಯ ಆಚೆಗಿದ್ದ ಚೂರು ಜಾಗದಲ್ಲಿ ಅಲಸಂಡೆ, ಬೆಂಡೆ, ಬಸಳೆ ಬೆಳೆಸುತ್ತಿದ್ದರು. ಹಂದಿ ನುಗ್ಗಿದರೆ ಆಕಾಶಕ್ಕೆ ಒಂದು ಈಡು ಹೊಡೆದು ಓಡಿಸುವುದಕ್ಕೆಂದು ಬೆಳೆ ರಕ್ಷಣೆಯ ಪರವಾನಗಿ ಪಡೆದಿದ್ದರು. ಆ ಕೋವಿಯಿಂದ ಒಂದು ಹಂದಿಯಾದರೂ ಸತ್ತದ್ದನ್ನು ನಾನು ಕೇಳಿಲ್ಲ. "ಇವರ ಶಬ್ದಕ್ಕೆ ಹೆದರುವುದು ಆಚೆಮನೆ ನಾಯಿ ಮಾತ್ರ" ಎಂದು ಅತ್ತೆ ನಗುತ್ತಿದ್ದರು.

ಚುನಾವಣೆ ಬಂತೆಂದರೆ ನಮ್ಮ ಕಡೆ ಪರವಾನಗಿ ಇದ್ದವರು ಕೋವಿಯನ್ನು ಠಾಣೆಯಲ್ಲಿ ಇಟ್ಟು ಬರಬೇಕು, ಎಲ್ಲ ಮುಗಿದ ಮೇಲೆ ಹೋಗಿ ತರಬೇಕು. ಉಳಿದವರಿಗೆ ಇದು ತಲೆನೋವು, ಮಾವನಿಗೆ ಸಡಗರ. ಸ್ಕೂಟರ್ ಇವರದು, ಬೆಡ್‌ಶೀಟಿನಲ್ಲಿ ಸುತ್ತಿದ ಕೋವಿಯನ್ನು ಹಿಡಿದು ಹಿಂದೆ ಕೂರುವವರು ಕಾಕ. ಕಾಕ ಎಂದರೆ ಮಾವನ ಪಕ್ಕದ ಮನೆಯ ಬ್ಯಾರಿ ಮುಸ್ಲಿಮರು, ತೆಂಗಿನಕಾಯಿ ವ್ಯಾಪಾರದವರು. ಸ್ವಂತ ಚಿಕ್ಕಪ್ಪನಷ್ಟು ಸಲಿಗೆಯಿಂದ ನಾನು ಅವರನ್ನು ಹಾಗೆ ಕರೆಯುತ್ತೇನೆ. ಮಾವ ಅವರನ್ನು ಮರ್ಯಾದೆಯಿಂದ ಬ್ಯಾರಿಗಳು ಎಂದರೆ, ಅವರು ಮಾವನನ್ನು ಅಣ್ಣೇರು ಎನ್ನುತ್ತಾರೆ. ಇಬ್ಬರೂ ಠಾಣೆಯ ಅಂಗಳದಲ್ಲಿ ಉಳಿದ ಕೋವಿಯವರ ಜೊತೆ ಹರಟೆ ಹೊಡೆದು, ದಾರಿಯಲ್ಲಿ ಚಾ ಕುಡಿದು, ಮಧ್ಯಾಹ್ನದ ಊಟಕ್ಕೆ ತಡವಾಗಿ ಬಂದು ಬೈಸಿಕೊಳ್ಳುತ್ತಿದ್ದರು.

ಕಳೆದ ಚುನಾವಣೆಯಲ್ಲಿ ಕೋವಿ ಠಾಣೆಯಲ್ಲಿ ಇರುವಾಗಲೇ ಅತ್ತೆ ತೀರಿಕೊಂಡರು. ಬೆಳಿಗ್ಗೆ ದೋಸೆ ಹೊಯ್ಯುತ್ತಿದ್ದವರು ಮಧ್ಯಾಹ್ನ ಆಸ್ಪತ್ರೆಯಲ್ಲಿ ಇಲ್ಲವಾದರು. ಅವರಿಗೆ ಮಕ್ಕಳಿರಲಿಲ್ಲ. ನಾವು ಸಂಬಂಧಿಕರೆಲ್ಲ ಸೇರಿ ಬೊಜ್ಜದ, ಅಂದರೆ ಉತ್ತರಕ್ರಿಯೆಯ, ಊಟ ಬಡಿಸಿ, ಪಾತ್ರೆ ತೊಳೆಸಿ, ಶಾಮಿಯಾನ ಬಿಚ್ಚಿಸಿ, ನಮ್ಮ ನಮ್ಮ ಮನೆಗೆ ಹೊರಟೆವು. ಮಾವ ಗೇಟಿನ ತನಕ ಬಂದು ಎಲ್ಲರನ್ನೂ ಬೀಳ್ಕೊಟ್ಟರು. ಗಟ್ಟಿ ಮನುಷ್ಯ ಎಂದುಕೊಂಡೆವು.

ಪರವಾನಗಿ ನವೀಕರಣದ ಸಮಯವೂ ಆಗಲೇ ಬಂದಿತ್ತು. ಮಾವ ಅರ್ಜಿ ಹಾಕಿದರು. ಬಂದದ್ದು ಎರಡು ಸಾಲಿನ ಉತ್ತರ: ಆಂತರಿಕ ಮಾರ್ಗಸೂಚಿಯ ಪ್ರಕಾರ ಅರ್ಜಿದಾರರು ಅರ್ಹರಲ್ಲ, ಕಾರಣ ತಿಳಿಸುವುದು ಸಾರ್ವಜನಿಕ ಹಿತಕ್ಕೆ ತಕ್ಕುದಲ್ಲ.

ಮಾವ ಅದನ್ನು ಕಿಸೆಯಲ್ಲಿ ಮಡಚಿಕೊಂಡು ಉರ್ವದಲ್ಲಿರುವ ನನ್ನ ಮನೆಗೆ ಸಿಟಿ ಬಸ್ಸಿನಲ್ಲಿ ಬಂದರು. ನಾನು ವಕೀಲೆ. ಮೇಲ್ಮನವಿ ಹಾಕುವ, ಕೋವಿ ವಾಪಸ್ ತರುವ ಎಂದೆ.

"ಕೋವಿ ಬೇಡ ಮಾರಾಯ್ತಿ. ಕಾರಣ ಬೇಕು" ಎಂದರು. "ನನ್ನ ಮೇಲೆ ಒಂದು ಕೇಸು ಉಂಟಾ? ಒಬ್ಬರಿಗೆ ಕೈ ಎತ್ತಿದ್ದೇನಾ? ಅರ್ಹನಲ್ಲ ಅಂತ ಬರೆದಿದ್ದಾರೆ. ಎಂತಕ್ಕೆ ಅಲ್ಲ? ಅದು ಹೇಳಲಿ."

ಆ ಮಾತು ನನಗೆ ನಾಟಿತು. ಸೆಲೂನಿನಲ್ಲಿ ಯಾರೋ ಒಬ್ಬರು "ನಿಮ್ಮ ಮೇಲೆ ಎಂತದೋ ರಿಪೋರ್ಟ್ ಉಂಟಂತೆ" ಎಂದು ಕೇಳಿದ್ದರಂತೆ. ಎಪ್ಪತ್ತು ದಾಟಿದ ಮನುಷ್ಯ, ಊರಿನ ಯಾವ ಜಗಳಕ್ಕೂ ಹೋಗದವರು, ಈಗ ಕನ್ನಡಿಯೆದುರು ಕೂತು ತನ್ನ ತಪ್ಪು ಯಾವುದೆಂದು ಹುಡುಕುತ್ತಿದ್ದರು. ನನಗೆ ಮೈಯೆಲ್ಲ ಉರಿಯಿತು. ಗೌಪ್ಯ ಎಂಬ ಶಬ್ದ ಕೇಳಿದರೇ ನನಗೆ ಆಗುವುದಿಲ್ಲ. ಅರ್ಧ ಸೋಮಾರಿತನವನ್ನೂ ಅರ್ಧ ಅಹಂಕಾರವನ್ನೂ ಮುಚ್ಚಿಡಲು ಕಚೇರಿಗಳು ಅದನ್ನು ಬಳಸುವುದನ್ನು ನೋಡಿ ನೋಡಿ ಸಾಕಾಗಿದೆ.

ಮಾಹಿತಿ ಹಕ್ಕಿನಲ್ಲಿ ಆ ಮಾರ್ಗಸೂಚಿಯ ಪ್ರತಿ ಕೇಳಿದೆ. ಕೊಡಲಾಗದು ಎಂದರು. ಮೇಲಿನವರಿಗೆ ಮನವಿ ಕೊಟ್ಟರೆ, ಕೆಳಗಿನವರು ಹೇಳಿದ್ದು ಸರಿ ಎಂದರು. ಇದೇ ಗತಿಯಾದರೆ ಆಗುವುದಿಲ್ಲವೆಂದು ಹೈಕೋರ್ಟಿಗೆ ರಿಟ್ ಅರ್ಜಿ ಸಿದ್ಧ ಮಾಡಿದೆ.

ಇದಕ್ಕೆಲ್ಲ ಅಡ್ಡಬಾಯಿ ಹಾಕುತ್ತಿದ್ದವರು ಕಾಕ ಒಬ್ಬರೇ.

"ಹಂದಿಗೆ ಪಟಾಕಿ ಸಾಕು ಅಣ್ಣೇರೇ. ಕೋರ್ಟು ಎಂತಕ್ಕೆ?" ಎನ್ನುತ್ತಿದ್ದರು. ನನ್ನನ್ನು ಬೇರೆ ಕರೆದು, "ವಕೀಲಮ್ಮ, ಸ್ವಲ್ಪ ನಿಧಾನ ಮಾಡಿ. ಕೆಲವು ಸಂಗತಿ ಅಡಿಯಲ್ಲೇ ಇದ್ದರೆ ಒಳ್ಳೆದು" ಎಂದರು. ಕಾಕನಿಗೆ ಪೊಲೀಸರೆಂದರೆ ಪುಕ್ಕಲು ಎಂದು ನಾನು ಮಾವನ ಹತ್ತಿರ ತಮಾಷೆ ಮಾಡಿದೆ. ಮಾವ ನಗಲಿಲ್ಲ. "ಬ್ಯಾರಿಗಳು ಸುಮ್ಮನೆ ಮಾತಾಡುವವರಲ್ಲ" ಎಂದರು.

ವಿಚಾರಣೆಯ ದಿನ ಕಾಕನೂ ಬೆಂಗಳೂರಿಗೆ ಬಂದರು. ರಾತ್ರಿ ಬಸ್ಸಿಗೆ ಮನೆಯಿಂದ ಅಕ್ಕಿರೊಟ್ಟಿಯಂಥ ಪತ್ತಿರ್ ಮತ್ತು ಕೋಳಿ ಸುಕ್ಕ ಕಟ್ಟಿಸಿ ತಂದಿದ್ದರು. ಬೇಡವೆಂದು ಹೇಳುತ್ತಲೇ ಜೊತೆಗೆ ಹೊರಡುವುದೆಂದರೆ ಇದೆಂಥ ವಿರೋಧ ಎಂದು ನನಗೆ ಅರ್ಥವಾಗಲಿಲ್ಲ.

ಮಾರ್ಗಸೂಚಿ ಹೊರಬಿದ್ದರೆ ದುರುಪಯೋಗವಾದೀತು ಎಂದು ಸರ್ಕಾರದ ವಕೀಲರು ವಾದಿಸಿದರು. ಅರ್ಹನಲ್ಲ ಎಂದ ಮೇಲೆ ಯಾವ ನಿಯಮದಲ್ಲಿ ಅಲ್ಲ ಎಂದು ತಿಳಿಯದೆ ಮನುಷ್ಯ ಏನೆಂದು ಉತ್ತರ ಕೊಡಬೇಕು ಎಂದು ನಾನು ಕೇಳಿದೆ. ಅದನ್ನೇ ನ್ಯಾಯಾಧೀಶರೂ ಆಚೆ ಕಡೆಯವರನ್ನು ಕೇಳಿದರು. ಕೆಲವು ವಾಯಿದೆಗಳ ನಂತರ ಆದೇಶ ಬಂತು: ಅರ್ಜಿದಾರರಿಗೆ ಅನ್ವಯಿಸಿದ ಭಾಗವನ್ನು ಕೊಡಬೇಕು, ಅವರ ಅರ್ಜಿಯನ್ನು ಹೊಸದಾಗಿ ಪರಿಶೀಲಿಸಬೇಕು. ನಾನು ಫೋನಿನಲ್ಲಿ ಕೂಗಿಕೊಂಡೇ ಹೇಳಿದೆ. ಮಾವ "ಹಾಂ, ಆಯ್ತು" ಎಂದರು, ಅಷ್ಟೆ.

ಪ್ರತಿ ಕೈಗೆ ಬಂದ ದಿನ ಅದನ್ನು ಓದದೆ ಸ್ಕೂಟರ್ ಹತ್ತಿ ಕಾವೂರಿಗೆ ಹೋದೆ. ಕಾರಣ ಅವರದು, ಮೊದಲು ಅವರೇ ಕೇಳಬೇಕು ಎಂದು ನನ್ನ ಹಟ. ಮಾವನೂ ಕಾಕನೂ ಮನೆಯೆದುರಿನ ಸಿಟೌಟಿನಲ್ಲಿ ಕೂತಿದ್ದರು. ಗೆದ್ದ ಗತ್ತಿನಲ್ಲಿ ಗಟ್ಟಿಯಾಗಿ ಓದತೊಡಗಿದೆ.

ಇತ್ತೀಚೆಗೆ ಬಾಳಸಂಗಾತಿಯನ್ನು ಕಳೆದುಕೊಂಡು ಒಂಟಿಯಾಗಿರುವ ಪರವಾನಗಿದಾರನು ತನಗೆ ತಾನೇ ಅಪಾಯ ಮಾಡಿಕೊಳ್ಳಬಹುದೆಂದು ಮನೆಯವರಾಗಲಿ ನೆರೆಯವರಾಗಲಿ ಆತಂಕ ವ್ಯಕ್ತಪಡಿಸಿದಲ್ಲಿ ಆಯುಧವನ್ನು ಮರಳಿಸತಕ್ಕದ್ದಲ್ಲ. ಮಾಹಿತಿ ಕೊಟ್ಟವರ ಹಿತದೃಷ್ಟಿಯಿಂದ ಕಾರಣವನ್ನೂ ತಿಳಿಸತಕ್ಕದ್ದಲ್ಲ.

ಕೊನೆಯ ಸಾಲಿಗೆ ಬರುವಾಗ ನನ್ನ ಸ್ವರ ಇಳಿದಿತ್ತು. ಇಷ್ಟು ಕಾಲ ನಾನು ಕಾದಾಡಿದ್ದು ಸೋಮಾರಿತನದ ಜೊತೆಗಲ್ಲ.

ಕಾಕ ತಲೆಯ ಟೊಪ್ಪಿ ತೆಗೆದು ಮೊಣಕಾಲ ಮೇಲೆ ಇಟ್ಟುಕೊಂಡರು.

"ನಾನೇ ಹೇಳಿದ್ದು ಅಣ್ಣೇರೇ. ಲೈಸೆನ್ಸಿನ ವಿಚಾರಣೆಗೆ ಪೊಲೀಸಿನವರು ಯಾವಾಗಲೂ ನನ್ನ ಅಂಗಡಿಗೇ ಅಲ್ವಾ ಬರುವುದು? ಪ್ರತಿ ಸಲ ಚಾ ತರಿಸಿ, ಚಿನ್ನದಂಥ ಜನ, ಧೈರ್ಯದಲ್ಲಿ ಕೊಡಿ ಅಂತ ಹೇಳ್ತಿದ್ದೆ. ಈ ಸಲ ಕೊಡ್ಬೇಡಿ ಅಂದೆ."

ಮಾವ ಅವರ ಕಡೆಗೆ ತಿರುಗಿ ಕೂತರು. ಕಾಕನೇ ಮುಂದುವರಿಸಿದರು.

"ಬೊಜ್ಜದ ದಿನ ಎಲ್ಲರೂ ಹೋದ ಮೇಲೆ ನೀವು ನನ್ನ ಹತ್ರ ಕೇಳಿದ್ದು ಒಂದೇ ಮಾತು. ಕೋವಿ ಯಾವಾಗ ಕೊಡ್ತಾರೆ ಬ್ಯಾರಿಗಳೇ, ಅಂತ. ಆಗ ತೋಟದಲ್ಲಿ ಬೆಳೆ ಎಲ್ಲಿತ್ತು? ಎಲ್ಲ ಕಿತ್ತು ಆಗಿತ್ತು."

ನಾನು ಲಾಯರ್ ಬುದ್ಧಿಗೆ ಕೂಡಲೇ ಬಾಯಿ ಹಾಕಿದೆ. ಇದು ಬರೀ ಊಹೆ, ಇದನ್ನು ಅಲ್ಲಗಳೆದು ಹೊಸ ಅರ್ಜಿಯಲ್ಲಿ ಬರೆಯುವ, ವೈದ್ಯರ ಸರ್ಟಿಫಿಕೇಟ್ ಲಗತ್ತಿಸುವ ಎಂದೆ.

"ಎಂತ ಅಲ್ಲಗಳೆಯುವುದು?" ಎಂದರು ಮಾವ. "ಬ್ಯಾರಿಗಳು ಸರಿಯಾಗಿಯೇ ನೋಡಿದ್ದಾರೆ."

ಆ ಮಾತು ಹೇಳುವಾಗ ಅವರ ಮುಖದಲ್ಲಿ ನಾಚಿಕೆ ಇರಲಿಲ್ಲ. ಕಳೆದದ್ದು ಸಿಕ್ಕಿದವರ ಹಾಗೆ ಹಗುರಾಗಿತ್ತು. ತಾನು ಕೆಟ್ಟವನೆಂದು ಯಾರೂ ಬರೆದಿರಲಿಲ್ಲ. ನಾನು ಮಾತ್ರ ಆ ಸಾಲನ್ನು ಮತ್ತೊಮ್ಮೆ ಓದಿದೆ. ಆತಂಕ ಪಡುವ ಹಕ್ಕು ಕೊಟ್ಟಿದ್ದ ಪಟ್ಟಿಯಲ್ಲಿ ಮನೆಯವರ ಹೆಸರು ಮೊದಲಿತ್ತು, ನೆರೆಯವರದು ನಂತರ. ಗೇಟಿನ ಹತ್ತಿರ ಕೈ ಬೀಸಿ ಹೋದ ನಮ್ಮಲ್ಲಿ ಒಬ್ಬರಿಗೂ ಏನೂ ಕಂಡಿರಲಿಲ್ಲ.

ಕಾಕ ಟೊಪ್ಪಿ ಮತ್ತೆ ಹಾಕಿಕೊಂಡರು. "ಈಗ ಕೋರ್ಟು ಹೇಳಿ ಆಯ್ತಲ್ಲ. ನಾಳೆಯೇ ನಾನು ಠಾಣೆಗೆ ಹೋಗಿ ಹೇಳ್ತೇನೆ, ಈಗ ಹೆದರಿಕೆ ಇಲ್ಲ, ಕೊಡಿ ಅಂತ. ಬರೆದು ಬೇಕಾದ್ರೂ ಕೊಡ್ತೇನೆ. ಹೇಳಿ, ಹೇಳ್ಲಾ?"

ನಾನು ಬ್ಯಾಗಿನಿಂದ ಹೊಸ ಅರ್ಜಿಯ ನಮೂನೆ ತೆಗೆದು, ಪೆನ್ನಿನ ಮುಚ್ಚಳ ಬಿಚ್ಚಿ ಕಾಯುತ್ತಿದ್ದೆ.

"ಬೇಡ ಬ್ಯಾರಿಗಳೇ" ಎಂದರು ಮಾವ ಕೊನೆಗೆ, ತೀರಾ ಮೆತ್ತಗೆ. "ಇನ್ನೂ ಸ್ವಲ್ಪ ಸಮಯ ಅದು ಅಲ್ಲೇ ಇರಲಿ."

ಪೆನ್ನು ಒಳಗಿಟ್ಟೆ. ಮನೆಗೆ ಫೋನ್ ಮಾಡಿ, ಈ ವಾರ ನಾನು ಕಾವೂರಿನಲ್ಲೇ ಇರುತ್ತೇನೆ, ನನ್ನ ಎರಡು ಜೊತೆ ಬಟ್ಟೆ ಕಳುಹಿಸಿ ಎಂದೆ.