ಕೆಳಗಿನ ತಾತನ ನೆತ್ತಿಗೆ ಹರಳೆಣ್ಣೆ

ನೀವು ಇದನ್ನು ನಂಬುವುದಿಲ್ಲ, ಮೊದಲೇ ಹೇಳಿಬಿಡುತ್ತೇನೆ. ಆ ಕಾಲದಲ್ಲಿ ನನ್ನ ಮಾತನ್ನು ನಮ್ಮ ಮನೆಯ ಗೋಡೆಗಳೂ ನಂಬುತ್ತಿರಲಿಲ್ಲ.

ಎಪ್ಪತ್ತರ ದಶಕ, ಅಮೆರಿಕದ ಹ್ಯಾರಿಸನ್ ಎಂಬ ಊರು. ನನಗೆ ಹದಿನೈದು. ನಾವು ಮೇಲಿನ ಮಹಡಿಯಲ್ಲಿ ಬಾಡಿಗೆಗಿದ್ದೆವು. ಕೆಳಗೆ ಮನೆಯ ಮಾಲೀಕ, ಇಟಲಿಯಿಂದ ಬಂದ ಮುದುಕ, ಐವತ್ತು ವರ್ಷ ಕಟಿಂಗ್ ಶಾಪಿನಲ್ಲಿ ಕತ್ತರಿ ಆಡಿಸಿ ರಿಟೈರ್ ಆದವನು. ನಮಗೆಲ್ಲ ಅವನು ಕೆಳಗಿನ ತಾತ. ಕಿವಿಗಳು ಒಂದೊಂದೂ ಸೆಟ್ ದೋಸೆಯಷ್ಟು. ಚಳಿಗಾಲ ಬಂದರೆ ಹಿತ್ತಲಿನ ಅಂಜೂರದ ಗಿಡಕ್ಕೆ ಹಳೆಯ ಕಾರ್ಪೆಟ್ ಸುತ್ತಿ, ತಲೆಗೆ ಬಕೆಟ್ ಕವುಚಿ ನಿಲ್ಲಿಸುತ್ತಿದ್ದ. ಅದು ನಮಗಿಂತ ಮುಂಚೆ ಇದ್ದ ಬಾಡಿಗೆದಾರ ಎಂದು ನಾನು ತಮ್ಮನಿಗೆ ಹೇಳಿದ್ದೆ. ಪಾಪ, ಅವನು ಏಪ್ರಿಲ್‌ವರೆಗೆ ಹಿತ್ತಲಿನ ಬಾಗಿಲು ತೆಗೆಯಲಿಲ್ಲ.

ಒಂದು ಶುಕ್ರವಾರ ಕ್ಲಾಸಿನಲ್ಲಿ ಹಿಸ್ಟರಿ ಟೀಚರ್, ಇಟಲಿಯ ಜನ ಐವತ್ತು ವರ್ಷದ ಹಿಂದೆ ಒಬ್ಬ ಸರ್ವಾಧಿಕಾರಿಯನ್ನು ಹೇಗೆ ತಲೆಯ ಮೇಲೆ ಕೂರಿಸಿಕೊಂಡರು ಎಂದು ವಿವರಿಸುತ್ತಿದ್ದರು. ಎಲ್ಲರೂ ಆಕಳಿಸುತ್ತಿದ್ದರು. ನಾನು ಕೈ ಎತ್ತಿ, ನಮ್ಮ ಕೆಳಗಿನ ತಾತ ದಿನಾ ಬೆಳಿಗ್ಗೆ ಅವನಿಗೆ ಶೇವ್ ಮಾಡುತ್ತಿದ್ದ ಎಂದೆ. ಕ್ಲಾಸು ಗಪ್‌ಚುಪ್. ಇಷ್ಟಕ್ಕೇ ನಿಲ್ಲಿಸಬಹುದಿತ್ತು. ಒಂದು ದಿನ ಕತ್ತಿ ತಾಗಿ ಒಂದು ಹನಿ ರಕ್ತ ಬಂತು, ಆ ಕರ್ಚೀಫ್ ಇನ್ನೂ ನಮ್ಮ ಬೇಸ್‌ಮೆಂಟಿನಲ್ಲಿದೆ ಎಂದೂ ಸೇರಿಸಿದೆ. ಟೀಚರ್ ಕನ್ನಡಕದ ಮೇಲಿಂದ ನೋಡಿ, ಸೋಮವಾರ ಅವರನ್ನು ಕರೆದುಕೊಂಡು ಬಾ ಎಂದರು.

ಸೋಮವಾರ ತಾತ ಬಂದು ಹೌದು ಎನ್ನದಿದ್ದರೆ ನನ್ನ ಕತೆ ಮುಗಿಯಿತು. ಡಿಗ್ರಿ ಮುಗಿಸಿ ಮದುವೆಯಾಗಿ ಮೊಮ್ಮಕ್ಕಳನ್ನು ಕಂಡರೂ ಹ್ಯಾರಿಸನ್‌ನಲ್ಲಿ ನಾನು ಕರ್ಚೀಫ್ ಸುಳ್ಳಿಯೇ. ಹಾಗಾಗಿ ಶನಿವಾರ ಮಧ್ಯಾಹ್ನ ತಾತನನ್ನು ಒಪ್ಪಿಸಲು ಹೊರಟೆ. ನೆಪ ಅಮ್ಮನೇ ಕೊಟ್ಟಳು. ತಾತ ಎಷ್ಟೋ ವರ್ಷದಿಂದ ಸರಿಯಾಗಿ ನಿದ್ದೆ ಇಲ್ಲ ಅಂದಿದ್ದನಂತೆ. ಅಮ್ಮನ ಹತ್ತಿರ ಎಲ್ಲ ಕಾಯಿಲೆಗೂ ಒಂದೇ ಮದ್ದು, ಹರಳೆಣ್ಣೆ. ಹೊಟ್ಟೆ ಕಟ್ಟಿದರೆ ಬಾಯಿಗೆ, ನಿದ್ದೆ ಬಾರದಿದ್ದರೆ ನೆತ್ತಿಗೆ. ಹಿಮದಲ್ಲಿ ಅಪ್ಪನ ಕಾರು ಸ್ಟಾರ್ಟ್ ಆಗದಿದ್ದಾಗಲೂ ಅವಳ ಕಣ್ಣು ಅದೇ ಬಾಟಲಿಯ ಕಡೆ ಹೋಗಿದ್ದನ್ನು ನಾನು ನೋಡಿದ್ದೇನೆ. ಡ್ರಗ್‌ಸ್ಟೋರಿನಿಂದ ತಂದ ಹೊಸ ಬಾಟಲಿಯನ್ನು ನನ್ನ ಕೈಗಿಟ್ಟು, ನೆತ್ತಿಗೆ ಚೆನ್ನಾಗಿ ತಟ್ಟಿ ಬಾ ಎಂದು ಕಳಿಸಿದಳು.

ತಾತನ ಅಡುಗೆಮನೆ ಟೇಬಲ್ಲಿನ ಮೇಲೆ ಬಾಟಲಿ ಇಟ್ಟು, ಮುಚ್ಚಳ ಬಿಚ್ಚುತ್ತಾ ವಿಷಯ ಹೇಳಿದೆ. ತಾತ ಹಲ್ಲಿನ ಸೆಟ್ಟು ಅಲುಗಾಡುವಷ್ಟು ನಕ್ಕ.

"ಅವನು ನಮ್ಮೂರಿಗೆ ಬರಲೇ ಇಲ್ಲಮ್ಮ," ಎಂದ. ಅವನ ಇಂಗ್ಲಿಷನ್ನು ನಮ್ಮ ಮಾತಿಗೆ ಇಳಿಸಿ ಹೇಳುತ್ತಿದ್ದೇನೆ. "ಬರೋ ಅಗತ್ಯ ಏನಿತ್ತು? ನಾವಿದ್ವಲ್ಲ."

ಆಮೇಲೆ ಬಾಟಲಿ ತಿರುಗಿಸಿ ಲೇಬಲ್ ಓದಿದ. ನಗು ನಿಂತಿತು. ಇದನ್ನು ಯಾರು ಕಳಿಸಿದರು ಎಂದು ಕೇಳಿದ. ಅಮ್ಮ ಎಂದೆ. ಬಾಟಲಿಯನ್ನು ಟೇಬಲ್ಲಿನ ಆಚೆ ತುದಿಗೆ ಸರಿಸಿ, ಹೇಳತೊಡಗಿದ.

ಮೊದಲು ಸರ್ವಾಧಿಕಾರಿಯ ಕಡೆಯ ಹತ್ತು ಹನ್ನೆರಡು ಹುಡುಗರು, ಕಪ್ಪು ಶರ್ಟು ಹಾಕಿಕೊಂಡು, ಜಮೀನ್ದಾರ ಕೊಟ್ಟ ಲಾರಿಯಲ್ಲಿ ಹಾಡುತ್ತಾ ಬಂದರಂತೆ. ಬ್ಯಾಂಡ್‌ಸೆಟ್‌ನವರು ದಾರಿ ತಪ್ಪಿ ಬಂದಿದ್ದಾರೆ ಎಂದು ಜನ ಬಾಲ್ಕನಿಯಿಂದ ನಕ್ಕರಂತೆ. ಅವರು ಕೂಲಿಯವರ ಸಂಘದ ಕಟ್ಟಡಕ್ಕೆ ಬೆಂಕಿ ಇಟ್ಟಾಗ ಪೊಲೀಸರು ಎದುರುಗಡೆ ನಿಂತು ಗಡಿಯಾರಕ್ಕೆ ಕೀ ಕೊಡುತ್ತಿದ್ದರಂತೆ. ಮುಂದಿನ ತಿಂಗಳು ಕಪ್ಪು ಶರ್ಟುಗಳು ನಲವತ್ತಾದವು. ಅದರಲ್ಲಿ ಅರ್ಧ ಜನರ ಕೂದಲು ಕತ್ತರಿಸುತ್ತಿದ್ದವನು ತಾತನೇ. ಊರಿನ ಕಟಿಂಗ್ ಶಾಪಿನಲ್ಲಿ ಎರಡೇ ಕುರ್ಚಿ, ಒಂದು ತಾತನದು, ಇನ್ನೊಂದು ಅವನ ಅಣ್ಣನದು. ಓದು ಬಾರದ ಕೂಲಿಯವರಿಗೆ ಅಣ್ಣ ಬೆಳಿಗ್ಗೆ ಸಂಘದ ಪೇಪರನ್ನು ಗಟ್ಟಿಯಾಗಿ ಓದಿ ಹೇಳುತ್ತಿದ್ದ. ಅವನಿಗಾಗಿ ಒಂದು ಭಾನುವಾರ ಆ ಕಪ್ಪು ಶರ್ಟಿನವರು ಹರಳೆಣ್ಣೆ ಬಾಟಲಿ ಹಿಡಿದು ಬಂದರು. ಇಷ್ಟು ಚಿಕ್ಕದಲ್ಲ, ದೊಡ್ಡದು.

"ಅಣ್ಣನ್ನ ಅವನ ಕುರ್ಚೀಲೇ ಕೂರಿಸಿದ್ರು. ನನಗೆ, ತಲೆ ಹಿಡ್ಕೋ ಅಂದ್ರು. ಹಿಡ್ಕೊಂಡೆ."

"ನಿಮಗೆ ಹೊಡೆದ್ರಾ?"

"ಇಲ್ಲ. ಒಂದೇ ಸಲ ಹೇಳಿದ್ರು, ಅಷ್ಟೆ."

ಬಾಟಲಿ ಪೂರ್ತಿ ಕುಡಿಸಿದರಂತೆ. ಆಮೇಲೆ ಅಣ್ಣನನ್ನು ಚರ್ಚಿನ ಮುಂದೆ ಅತ್ತಿಂದಿತ್ತ ನಡೆಸಿದರಂತೆ, ಪ್ಯಾಂಟೆಲ್ಲ ಹಾಳಾಗುವವರೆಗೆ. ಜನ ನಕ್ಕರು. ತಾತನೂ ನಕ್ಕ. ಮಾರನೇ ದಿನ ಅಂಗಡಿಯಲ್ಲಿ ಯಾರೂ ಪೇಪರ್ ಓದಲಿಲ್ಲ. ಅಣ್ಣ ತಮ್ಮ ಪ್ರತಿ ಶನಿವಾರ ಒಬ್ಬರಿಗೊಬ್ಬರು ಕಟಿಂಗ್ ಮಾಡುತ್ತಿದ್ದರು, ಅದೂ ನಿಂತಿತು.

ನಾನು ಟೇಬಲ್ಲಿನ ಮೇಲಿದ್ದ ಅವನ ಕೈಗಳನ್ನು ನೋಡಿದೆ. ಆ ಕೈಗಳು ನನ್ನ ತಮ್ಮನ ಕೂದಲನ್ನು ಎಷ್ಟೋ ಸಲ ಕತ್ತರಿಸಿದ್ದವು. ಶುಕ್ರವಾರ ನಾನು ಕಟ್ಟಿದ್ದ ಕತೆ ಅವುಗಳ ಮುಂದೆ ಚಿಕ್ಕ ಮಗುವಿನ ಗಿಲಕಿಯಂತಿತ್ತು. ಸೇರಿಸುವುದಕ್ಕೆ ಒಂದು ಮಾತೂ ಹೊಳೆಯಲಿಲ್ಲ. ನನ್ನ ಜೀವನದಲ್ಲಿ ಅದೇ ಮೊದಲು.

"ಸೋಮವಾರ ಬರ್ತೀನಿ," ಎಂದ ತಾತ. "ಶೇವಿಂಗ್ ಕತೆ ಹೇಳಲ್ಲ. ಇದನ್ನೇ ಹೇಳ್ತೀನಿ. ಹೆಂಡತಿಗೂ ಹೇಳಿದೋನಲ್ಲ ನಾನು. ನಿನ್ನ ಕ್ಲಾಸಿನವ್ರು ನಗ್ತಾರಾ?"

ನಮ್ಮ ಕ್ಲಾಸು. ಯಾರಾದರೂ ಕುರ್ಚಿ ಕಿರ್ರೆನ್ನಿಸಿದರೂ ಹೊಟ್ಟೆ ಹಿಡಿದು ಉರುಳುವ ಕ್ಲಾಸು. ಆ ವಿದ್ಯೆ ಕಲಿಸಿದ್ದೇ ನಾನು. ಹರಳೆಣ್ಣೆ, ಪ್ಯಾಂಟು ಎಂದರೆ ಯಾರು ಮೊದಲು ಬೀಳುತ್ತಾರೆ ಎಂದೂ ನನಗೆ ಗೊತ್ತಿತ್ತು. ತಾತ ನನ್ನ ಬಾಯನ್ನೇ ನೋಡುತ್ತಿದ್ದ.

ಬಾಗಿಲು ತೆರೆಯಿತು. ಅಮ್ಮ.

"ಒಂದಿಷ್ಟು ಎಣ್ಣೆ ತಟ್ಟಿ ಬರೋಕೆ ಇಷ್ಟು ಹೊತ್ತೇನೇ? ಇನ್ನೂ ಹಚ್ಚೇ ಇಲ್ವಲ್ಲ."

"ಅಮ್ಮಾ, ನಾಟ್ ನೌ," ಎಂದೆ.

ಅವಳು ಕೇಳಿಸಿಕೊಂಡರೆ ತಾನೆ. ಅಂಗೈಗೆ ಎಣ್ಣೆ ಸುರಿದುಕೊಂಡು, ಎಡಗೈಯಲ್ಲಿ ತಾತನ ತಲೆಯನ್ನು ಹಿಂದಕ್ಕೆ ಒರಗಿಸಿ ಹಿಡಿದಳು. ತಾತ ಕುರ್ಚಿಯ ಕೈಗಳನ್ನು ಗಟ್ಟಿಯಾಗಿ ಹಿಡಿದ. ಎದ್ದುಬಿಡುತ್ತಾನೆ ಎಂದುಕೊಂಡೆ. ಅಮ್ಮ ಬೋಳು ನೆತ್ತಿಯ ಮೇಲೆ ತಟ್ಟತೊಡಗಿದಳು, ಹಸುಗೂಸಿಗೆ ತಟ್ಟುವ ಹಾಗೆ. ತಾತ ಏಳಲಿಲ್ಲ. ಕಣ್ಣು ಮುಚ್ಚಿದ.

"ಸೋಮವಾರ ಸ್ಕೂಲಿಗೆ ಇವರು..." ಎಂದು ಶುರು ಮಾಡಿದೆ.

"ಯಾವ ಸ್ಕೂಲಿಗೂ ಇಲ್ಲ. ನಿನ್ನ ಟೀಚರಿಗೆ ನಾನೇ ಚೀಟಿ ಬರೀತೀನಿ. ತಾತನ ಮುಖ ನೋಡು, ಹೇಗಾಗಿದೆ. ಅವರು ಮಲಗಲಿ. ನೀನು ನಡಿ ಮೇಲೆ."

ಹೋದೆ. ಮುಚ್ಚಳ ನನ್ನ ಕೈಯಲ್ಲೇ ಇತ್ತು. ಕ್ಲಾಸಿನವರು ನಗುತ್ತಾರೋ ಇಲ್ಲವೋ ಎಂದು ತಾತನಿಗೆ ನಾನು ಹೇಳಲೇ ಇಲ್ಲ.