ಜಾಲರಿ ಕಾಯುವ ಸೀಟಿಯಕ್ಕ

ಬೆಳಗಿನ ಐದೂವರೆ. ಮಳೆ ಹಿಡಿದು ಇದು ಐದನೆಯ ದಿನ. ತಗ್ಗಿನ ಓಣಿಯ ಕೊನೆಯಲ್ಲಿ ಹಳದಿ ರೇನ್‌ಕೋಟು ತೊಟ್ಟ ಹೆಂಗಸೊಬ್ಬರು ಬಗ್ಗಿ ನಿಂತಿದ್ದಾರೆ. ಕೈಯಲ್ಲಿ ಕಬ್ಬಿಣದ ಕೊಕ್ಕೆ. ಚರಂಡಿಯ ಬಾಯಿಗೆ ಹಾಕಿರುವ ಜಾಲರಿಯಿಂದ ಎಲೆ, ಕಡ್ಡಿ, ಯಾರದೋ ಮಗುವಿನ ಒಂಟಿ ಚಪ್ಪಲಿ ಎಳೆದು ಹಾಕುತ್ತಾರೆ. ಕಟ್ಟಿಕೊಂಡಿದ್ದ ನೀರು ಗಳಗಳನೆ ಇಳಿಯುತ್ತದೆ. "ಹಾಂ, ಈಗ ಉಸಿರು ಬಿಡ್ತು," ಎಂದು ಕೊರಳಲ್ಲಿರುವ ಸೀಟಿ ಊದುತ್ತಾರೆ. ಈ ಮಳೆಯ ಸದ್ದಿನಲ್ಲಿ ಅದು ನಾಲ್ಕು ಮನೆಗೂ ಕೇಳಿಸದು. ಆದರೂ ಊದುತ್ತಾರೆ, ಹನ್ನೊಂದು ವರ್ಷದ ಅಭ್ಯಾಸ.

ಬಡಾವಣೆಯ ಮಕ್ಕಳಿಗೆ ಅವರು ಸೀಟಿಯಕ್ಕ. ದೊಡ್ಡವರಿಗೂ ಅಷ್ಟೇ, ಅಸಲಿ ಹೆಸರು ಕೇಳಿದರೆ ಅರ್ಧ ಬೀದಿ ತಲೆ ಕೆರೆದುಕೊಳ್ಳುತ್ತದೆ. ಆರು ಓಣಿ, ಇನ್ನೂರ ಹದಿನಾಲ್ಕು ಮನೆ, ನಾಲ್ಕು ಡ್ರಮ್ಮಿನ ಒಂದು ಕಸದ ತಳ್ಳುಗಾಡಿ. ಬಿಸಿಲಿನಲ್ಲಿ ಆರು ಸುತ್ತಿನಲ್ಲಿ ಮುಗಿಯುವ ಕೆಲಸ ಮಳೆಯಲ್ಲಿ ಒಂಬತ್ತು ಸುತ್ತಾಗುತ್ತದೆ. "ನೆಂದ ಕಸ ಅಂದ್ರೆ ಒಂದಕ್ಕೆರಡು ಭಾರ. ಗಾಡಿ ಏನೂ ಅನ್ನಲ್ಲ, ಸೊಂಟ ಅನ್ನುತ್ತೆ," ಎಂದು ನಗುತ್ತಾರೆ. ಅವರ ಮನೆ ಒಂದೇ ಕೋಣೆ. ಒಲೆಯ ಮೇಲಿನ ಹಗ್ಗದಲ್ಲಿ ಒಣಗಲೊಲ್ಲದ ಸಮವಸ್ತ್ರ, ಅದಕ್ಕೆ ರಟ್ಟಿನ ತುಂಡಿನಿಂದ ಗಾಳಿ ಹಾಕುವ ಗಂಡ. "ಮದುವೆಯಾಗಿ ಇಷ್ಟು ವರ್ಷ ಆಯ್ತು, ನನಗೊಂದು ದಿನ ಗಾಳಿ ಬೀಸಲಿಲ್ಲ. ನನ್ನ ಅಂಗಿಗೆ ಬೀಸ್ತಾರೆ!"

ಮಳೆ ಬಂದರೆ ಕಸದವರಿಗೆ ರಜೆ ಎಂದು ನಾವು ನೀವು ಅಂದುಕೊಳ್ಳುತ್ತೇವೆ. ಊರಾಚೆಯ ಕಸದ ಯಾರ್ಡಿನ ರಸ್ತೆ ಕುಸಿದು, ಲಾರಿ ಮುಖ ತೋರಿಸಿ ಐದು ದಿನವಾಗಿದೆ ನಿಜ. ಆದರೆ ಲಾರಿ ನಿಂತಿತೆಂದು ಮನೆಗಳು ಕಸ ಮಾಡುವುದನ್ನು ನಿಲ್ಲಿಸುತ್ತವೆಯೇ? ಅದೆಲ್ಲ ಈಗ ಇವರೊಬ್ಬರ ತಲೆಯ ಮೇಲಿದೆ.

ಎರಡು ವರ್ಷದ ಹಿಂದೆಯೂ ಹೀಗೇ ಲಾರಿ ಬಂದಿರಲಿಲ್ಲ. ಆಗ ಸೀಟಿಯಕ್ಕ ಒಂದು ಉಪಾಯ ಮಾಡಿದರು. ಚೀಲಗಳನ್ನೆಲ್ಲ ಮೂಲೆಯ ಕಂಬದ ಹತ್ತಿರ ಇಡಿ, ಲಾರಿ ಬಂದ ಕೂಡಲೇ ಒಟ್ಟಿಗೆ ತುಂಬಿಸುತ್ತೇನೆ ಎಂದು ಮನೆಮನೆಗೂ ಹೇಳಿ ಬಂದರು. ಚೀಲಗಳು ಗುಡ್ಡವಾದವು. ಮಧ್ಯಾಹ್ನ ಆಕಾಶವೇ ಕಳಚಿ ಬಿದ್ದಂತೆ ಮಳೆ ಸುರಿಯಿತು. ಚೀಲಗಳು ಒಂದರ ಹಿಂದೊಂದು ತೇಲಿ ಇಳಿಜಾರು ಹಿಡಿದು, ನೇರ ಹೋಗಿ ಜಾಲರಿಗೆ ಅಂಟಿಕೊಂಡವು. ತಗ್ಗಿನ ಓಣಿಯ ಹನ್ನೊಂದು ಮನೆಗೆ ನೀರು ನುಗ್ಗಿತು. ಕೊನೆಯ ಮನೆಯ ಹೊಲಿಗೆಯಮ್ಮನ ಮಿಷಿನ್ನು ನೀರು ಕುಡಿಯಿತು, ಹೊಲಿದಿಟ್ಟ ಬಟ್ಟೆಯೆಲ್ಲ ಕೆಸರುಮಯ.

ಜನ ಲಾರಿ ಕಳಿಸದ ಕಚೇರಿಯನ್ನು ಬೈದರು. ಸೀಟಿಯಕ್ಕ ಸುಮ್ಮನಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ. ಆದರೆ ಮಾರನೆಯ ದಿನ ಹೊಲಿಗೆಯಮ್ಮನ ಬಾಗಿಲಿಗೆ ಹೋಗಿ ನಿಂತರು. "'ಅಮ್ಮಾ, ಮೂಲೇಲಿ ಇಡಿ ಅಂದಿದ್ದು ನಾನೇ. ತಪ್ಪು ನಂದೇ' ಅಂದೆ. ಅವರು ಬಾಗಿಲು ಹಾಕಿಕೊಂಡ್ರು. ಎಂಟು ದಿನ ಆದ್ಮೇಲೆ ಅವರೇ ಕರೆದ್ರು." ಕರೆದು ಕೊಟ್ಟದ್ದು ಹಳೆಯ ದಪ್ಪ ಬಟ್ಟೆಯಿಂದ, ರಿಪೇರಿಯಾಗಿ ಬಂದ ಮಿಷಿನ್ನಿನಲ್ಲಿ ಹೊಲಿದ, ಗಟ್ಟಿ ಹಿಡಿಯ ಒಂದು ಚೀಲ. ನೆಲದ ಮೇಲಿಟ್ಟರೆ ತಾನೇ ತೇಲುವುದು, ಗೇಟಿಗೆ ನೇತುಹಾಕಿದರೆ ಹೇಗೆ ತೇಲುತ್ತದೆ ಎಂಬುದು ಹೊಲಿಗೆಯಮ್ಮನ ಲೆಕ್ಕ. ಆ ವರ್ಷ ಅವರು ಅಂಥ ಇನ್ನೂರು ಚಿಲ್ಲರೆ ಚೀಲ ಹೊಲಿದರು. ಅಂದಿನಿಂದ ಮಳೆಗಾಲಕ್ಕೆ ಒಂದೇ ಕಟ್ಟಳೆ: ಹಸಿ ಕಸ ಗೇಟಿನ ಮೇಲೆ, ಒಣ ಕಸ ಮನೆಯೊಳಗೆ, ನೆಲದ ಮೇಲೆ ಏನೂ ಇಲ್ಲ. ಹಸಿ ಕಸವನ್ನು ಸೀಟಿಯಕ್ಕ ದಿನವೂ ಎತ್ತಿ, ಎತ್ತರದ ಕಟ್ಟೆಯೊಂದರ ಮೇಲೆ ಡ್ರಮ್ಮುಗಳಲ್ಲಿ ಮುಚ್ಚಿಡುತ್ತಾರೆ.

ಈ ಸಲ ಮೂರನೆಯ ದಿನ ಕಂಬದ ಬುಡದಲ್ಲಿ ಒಂದು ಒಣ ಕಸದ ಚೀಲ ಕಂಡಿತು. ಒಂದು ಕಂಡರೆ ಹತ್ತು ಬರುತ್ತವೆ. ಸೀಟಿಯಕ್ಕನಿಗೆ ಪತ್ತೆದಾರಿಕೆ ಬೇಕಿಲ್ಲ, ಗಂಟು ನೋಡಿದರೆ ಮನೆ ಗೊತ್ತು. ಶೂ ಲೇಸಿನ ಹಾಗೆ ಎರಡು ಕಿವಿ ಬಿಟ್ಟು ಕಟ್ಟುವವರು ಬಡಾವಣೆಗೆ ಒಬ್ಬರೇ, ನಿವೃತ್ತ ಮೇಷ್ಟ್ರು. ಹೋಗಿ ಗಂಟೆ ಒತ್ತಿದರು. "ಸರ್, ನಿಮ್ಮ ಚೀಲ ದಾರಿ ತಪ್ಪಿ ಮೂಲೇಲಿ ನಿಂತಿತ್ತು. ಮನೆ ಸೇರಿಸೋಣ ಅಂತ ಬಂದೆ." ಮೇಷ್ಟ್ರ ಮುಖ ಸಪ್ಪಗಾಯಿತು. ಮರುದಿನದಿಂದ ಅವರೇ ಕೊಡೆ ಹಿಡಿದು ಕಂಬದ ಬಳಿ ಪಹರೆ ನಿಂತಿದ್ದಾರೆ.

"ಐದು ದಿನ ಕಸಾನ ಮನೆಯೊಳಗೆ ಇಟ್ಕೊಂಡು ಯಾರಮ್ಮ ಇರ್ತಾರೆ? ಇವರು ಇದ್ದಾರೆ. ನನ್ನ ಮಾತಿಗೆ ಇದ್ದಾರೆ. ಇದಕ್ಕೆ ಎಷ್ಟು ಕೈ ಮುಗಿದ್ರೂ ಸಾಲದು," ಎನ್ನುತ್ತಾರೆ ಸೀಟಿಯಕ್ಕ. ನಮ್ಮ ಕಸವನ್ನು ನಾವು ಇಟ್ಟುಕೊಂಡದ್ದಕ್ಕೆ ಅವರು ಕೈ ಮುಗಿಯುತ್ತಾರೆ. ಮುಗಿಯಬೇಕಾದ ಕೈ ಯಾರದು ಎಂದು ಯೋಚಿಸಿ, ಕೇಳಿಸಿಕೊಳ್ಳುತ್ತಿದ್ದ ನಮಗೆ ನಾಚಿಕೆಯಾಗುತ್ತದೆ.

ಏಳೂವರೆಗೆ ಮಳೆ ಮತ್ತೆ ರಪರಪ ಬಾರಿಸತೊಡಗುತ್ತದೆ. ಓಣಿಯ ನೀರು ಹೊಲಿಗೆಯಮ್ಮನ ಮನೆಯ ಮೊದಲ ಮೆಟ್ಟಿಲು ಮುಳುಗಿಸಿ, ಎರಡನೆಯದನ್ನೂ ಮುಳುಗಿಸುತ್ತದೆ. ಮೂರನೆಯದು ಹೊಸ್ತಿಲು. ಸೀಟಿಯಕ್ಕ ಮೊಣಕಾಲು ನೀರಿನಲ್ಲಿ ನಿಂತು ಕೊಕ್ಕೆ ಆಡಿಸುತ್ತಲೇ ಇದ್ದಾರೆ. ಪೂರ್ತಿ ತೊಯ್ದ ಅವರ ತಲೆಗೆ ಮೇಷ್ಟ್ರು ಕೊಡೆ ಹಿಡಿದು ತಾವೂ ತೊಯ್ಯುತ್ತಿದ್ದಾರೆ. ಹೀಗೇ ಮುಕ್ಕಾಲು ಗಂಟೆ. ಎಲೆ ಬರುತ್ತದೆ, ಕಡ್ಡಿ ಬರುತ್ತದೆ, ಚೀಲ ಒಂದೂ ಬರುವುದಿಲ್ಲ. ಹೊಸ್ತಿಲಿಗೆ ನಾಲ್ಕು ಬೆರಳು ಬಾಕಿ ಇರುವಾಗ ನೀರು ನಿಂತು, ನಿಧಾನಕ್ಕೆ ಇಳಿಯತೊಡಗುತ್ತದೆ.

ಒಳಗೆ ಹೊಲಿಗೆಯಮ್ಮ ಹೊಲಿಯುತ್ತಿದ್ದಾರೆ. "ಎರಡು ವರ್ಷ ಮೋಡ ಕಂಡ್ರೆ ಸಾಕು, ಮಿಷಿನ್ನು ಮಂಚದ ಮೇಲೆ ಎತ್ತಿಡ್ತಿದ್ದೆ," ಎನ್ನುತ್ತಾರೆ. "ಈ ಸಲ ಎತ್ತಲಿಲ್ಲ. ಅವಳು ನಿಂತಿದ್ದಾಳಲ್ಲ."

ಈ ಮಾತನ್ನು ನಾವು ತಲುಪಿಸಿದಾಗ ಸೀಟಿಯಕ್ಕ ರೇನ್‌ಕೋಟಿನ ತೋಳು ಹಿಂಡುತ್ತಿರುತ್ತಾರೆ.

"ಗೊತ್ತು. ಮಿಷಿನ್ ಸದ್ದು ಇಲ್ಲೀವರೆಗೂ ಕೇಳಿಸ್ತಿತ್ತು," ಎನ್ನುತ್ತಾರೆ. "ಅದು ನಿಲ್ಲಬಾರ್ದು ಅಂತಾನೇ ನಾನೂ ನಿಲ್ಲಿಸಲಿಲ್ಲ."