ಸೋಮವಾರದ ಅಪ್ಪಣೆ ಚೀಟಿ

ನಾನು ಬಂಗಾರಪೇಟೆಯಲ್ಲಿ ಮೇಷ್ಟ್ರಾಗಿದ್ದಾಗ ಗಣಿಯೂರಿನ ಮ್ಯಾಜಿಸ್ಟ್ರೇಟರು ಒಬ್ಬ ಹುಡುಗನನ್ನು ಒಂದು ವರ್ಷದ ಮಟ್ಟಿಗೆ ನನ್ನ ಸುಪರ್ದಿಗೆ ಒಪ್ಪಿಸಿದರು. ಅವನಿಗೆ ಹದಿನಾರು ವರ್ಷ. ಚಿನ್ನದ ಅಂಶವಿದ್ದ ಕಲ್ಲಿನ ಚೂರುಗಳನ್ನು ಊಟದ ಡಬ್ಬಿಯಲ್ಲಿ ಬಚ್ಚಿಟ್ಟು ಗಣಿಯಿಂದ ಹೊರಗೆ ತರುವಾಗ ಸಿಕ್ಕಿಬಿದ್ದಿದ್ದ. ಕಲ್ಲು ಕೊಟ್ಟ ದೊಡ್ಡವರು ತಪ್ಪಿಸಿಕೊಂಡರು, ಇವನು ಕಟಕಟೆಗೆ ಬಂದ. ಜೈಲಿಗೆ ಕಳಿಸಿದರೆ ಪೂರ್ತಿ ಕೆಟ್ಟುಹೋಗುತ್ತಾನೆಂದು ಮ್ಯಾಜಿಸ್ಟ್ರೇಟರು ಮುಚ್ಚಳಿಕೆ ಬರೆಸಿಕೊಂಡು ಬಿಟ್ಟರು. ವಾರಕ್ಕೊಮ್ಮೆ ಅವನು ನನ್ನ ಮುಂದೆ ಹಾಜರಾಗಬೇಕು, ಕೋರ್ಟಿನ ಅಪ್ಪಣೆಯಿಲ್ಲದೆ ಗಣಿಯ ಕಡೆ ಕಾಲಿಡಕೂಡದು.

ಅವನ ತಾಯಿ ಇದ್ದದ್ದು ಅಲ್ಲೇ, ನಂದಿದುರ್ಗ ಗಣಿಯ ಕೂಲಿಗಳ ಲೈನು ಮನೆಯಲ್ಲಿ. ಗಂಡ ತೀರಿಕೊಂಡ ಮೇಲೆ ಅಣ್ಣನ ಜೊತೆಗಿದ್ದುಕೊಂಡು ಆಂಡರ್ಸನ್‌ಪೇಟೆಯಲ್ಲಿ ಸೊಪ್ಪು ಮಾರುತ್ತಿದ್ದಳು. ಭಾನುವಾರ ರೈಲಿನಲ್ಲಿ ಬಂದು ಮಗನನ್ನು ನೋಡಿಕೊಂಡು ಹೋಗುತ್ತಿದ್ದಳು.

ಹುಡುಗನನ್ನು ನಾನು ಬಂಡಿಚಕ್ರ ಮಾಡುವ ಆಚಾರಿಯೊಬ್ಬರ ಬಳಿ ಕೆಲಸಕ್ಕೆ ಸೇರಿಸಿದೆ. ಎರಡನೆಯ ವಾರವೇ ಓಡಿಹೋದ. ರೈಲ್ವೆ ಸ್ಟೇಷನ್ನಿನಲ್ಲಿ ನನ್ನ ಕೈಗೆ ಸಿಕ್ಕಿದ. ಬೈಯಲಿಲ್ಲ, ಕೋರ್ಟಿಗೂ ಬರೆಯಲಿಲ್ಲ.

"ಹೋಗಬೇಕು ಅನ್ನಿಸಿದರೆ ಮೊದಲು ನನ್ನನ್ನು ಕೇಳು," ಎಂದೆ. "ಅಷ್ಟು ಮಾತು ಕೊಡ್ತೀಯಾ?"

ತಲೆಯಾಡಿಸಿದ. ಅಂದಿನಿಂದ ಅವನು ಬೇರೆಯವನೇ ಆದ. ಚಕ್ರದ ಕಾಲುಗಳನ್ನು ನಡುವಿನ ಗುಂಬಕ್ಕೆ ಕೂರಿಸುವುದರಲ್ಲಿ ಅವನ ಕೈ ತಮ್ಮದಕ್ಕಿಂತ ಚುರುಕು ಎಂದು ಆಚಾರಿ ಹೇಳುವಾಗ ನನಗೇ ಹೆಮ್ಮೆಯಾಗುತ್ತಿತ್ತು.

ಎಂಟು ತಿಂಗಳು ಕಳೆದಿತ್ತು. ಒಂದು ಶನಿವಾರ ಮಧ್ಯಾಹ್ನ ಶಾಲೆಯ ಬಾಗಿಲಲ್ಲಿ ಬಂದು ನಿಂತ. ಮೈಯೆಲ್ಲ ಮರದ ಪುಡಿ.

"ಮೇಷ್ಟ್ರೇ, ಅಮ್ಮಂಗೆ ಜ್ವರ ಜಾಸ್ತಿ ಆಗೈತಂತೆ. ಮಾವ ಏಳಿ ಕಳ್ಸವ್ನೆ. ಒಂದ್ಸಲ ನೋಡ್ಕಂಡ್ ಬಂದ್ಬುಡ್ತೀನಿ."

"ಕೋರ್ಟು ಇರೋದು ಸೋಮವಾರ ಕಣಪ್ಪ. ಅಪ್ಪಣೆ ಇಲ್ಲದೆ ಹೋದರೆ ಪೊಲೀಸರು ಹಿಡೀತಾರೆ, ಇಷ್ಟು ದಿನ ಮಾಡಿದ್ದೆಲ್ಲ ಹಾಳು. ಸೋಮವಾರ ನಾನೇ ಹೋಗಿ ತರ್ತೀನಿ."

"ಆಗ್ಲಿ," ಎಂದ. ಕೆಲಸಕ್ಕೆ ವಾಪಸು ಹೋದ.

ಮ್ಯಾಜಿಸ್ಟ್ರೇಟರ ಮನೆ ನನಗೆ ಗೊತ್ತಿತ್ತು. ಭಾನುವಾರವೇ ಹೋಗಿ ಕೇಳಬಹುದಿತ್ತು. ದೊಡ್ಡ ಮನುಷ್ಯರನ್ನು ರಜೆಯ ದಿನ ತೊಂದರೆಪಡಿಸುವುದಕ್ಕೆ ಹಿಂಜರಿದೆ. ಜ್ವರ ತಾನೇ, ಎರಡು ದಿನ ತಡೆಯಬಹುದು ಅಂದುಕೊಂಡೆ.

ಸೋಮವಾರ ಮೊದಲ ರೈಲಿಗೆ ಹೋದೆ. ವಿಷಯ ಕೇಳುತ್ತಲೇ ಮ್ಯಾಜಿಸ್ಟ್ರೇಟರು ಚೀಟಿ ಬರೆದು ಸಹಿ ಹಾಕಿದರು.

"ತಾಯಿಗೆ ಕಾಯಿಲೆ ಅಂದ ಮೇಲೆ ನೀವೇ ಜೊತೆಯಲ್ಲಿ ಕರೆದುಕೊಂಡು ಬಂದಿದ್ದರೆ ಆಗುತ್ತಿತ್ತಲ್ಲ ಮೇಷ್ಟ್ರೇ, ನಾನೇನು ಬೇಡ ಅನ್ನುತ್ತಿದ್ದೆನೇ?" ಎಂದರು.



ಚೀಟಿ ಹಿಡಿದು ಬಂಗಾರಪೇಟೆಗೆ ವಾಪಸು ಬಂದಾಗ ಆಚಾರಿಯವರು ಬೀದಿಗೇ ಬಂದು ನಿಂತಿದ್ದರು. ತಾಯಿ ಭಾನುವಾರ ಸಂಜೆಯೇ ತೀರಿಕೊಂಡಿದ್ದಳು. ನಾನು ಅತ್ತ ಹೋದ ಮೇಲೆ ಮಾವನ ಕಡೆಯವರು ಸುದ್ದಿ ತಂದಿದ್ದರು. ಆದರೂ ಹುಡುಗ ಹೊರಟಿರಲಿಲ್ಲ. ಅರ್ಧ ಮುಗಿದ ಚಕ್ರದ ಪಕ್ಕದಲ್ಲಿ ಕುಕ್ಕರುಗಾಲಿನಲ್ಲಿ ಕೂತಿದ್ದ.

"ಚೀಟಿ ಕೊಟ್ರಾ, ಮೇಷ್ಟ್ರೇ?" ಎಂದು ಕೇಳಿದ.

ಇಬ್ಬರೂ ಹೋದೆವು. ರೈಲಿನಲ್ಲಿ ಅವನು ಅಳಲಿಲ್ಲ. ಲೈನಿನವರು ಅವನಿಗಾಗಿಯೇ ಕಾದಿದ್ದರು. ತಾಯಿಯ ಮುಖ ನೋಡಿದಾಗ ಒಮ್ಮೆ "ಅಮ್ಮಾ" ಅಂದ, ಅಷ್ಟೇ. ಮಣ್ಣು ಮಾಡಿ ಬರುವಾಗ ಅವನ ಮಾವ ನನ್ನ ಪಕ್ಕದಲ್ಲಿ ನಡೆಯುತ್ತಾ, "ಬಾಗ್ಲು ಕಡೀಕೇ ನೋಡ್ತಿದ್ಲು ಸ್ವಾಮಿ," ಎಂದ.

ವರ್ಷ ತುಂಬಿದ ದಿನ ಮ್ಯಾಜಿಸ್ಟ್ರೇಟರು ಮುಚ್ಚಳಿಕೆ ಮುಗಿಯಿತೆಂದು ಬರೆದು, "ಒಬ್ಬ ಹುಡುಗನನ್ನು ಉಳಿಸಿದಿರಿ," ಎಂದು ಎಲ್ಲರೆದುರು ನನ್ನನ್ನು ಹೊಗಳಿದರು. ಹೊರಗೆ ಬಂದ ಮೇಲೆ ನಾನು ಅವನಿಗೆ, "ಅವತ್ತು ನಾನು ತಪ್ಪು ಮಾಡಿದೆ ಕಣಪ್ಪ," ಎಂದೆ.

"ಬುಡಿ ಮೇಷ್ಟ್ರೇ. ನೀವು ಬ್ಯಾಡ ಅಂದ್ರಿ, ನಾನು ಓಗ್ಲಿಲ್ಲ. ಮುಂಚೆ ಆಗಿದ್ರೆ ಓಡೋಗಿ ನೋಡ್ಕಂಡ್ ಬತ್ತಿದ್ದೆ."

ಅವನ ದನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟಾಗಿದ್ದರೆ ನನಗೆ ಎಷ್ಟೋ ಹಗುರವಾಗುತ್ತಿತ್ತು.

ಅವನು ಮತ್ತೆಂದೂ ಕಳವು ಮಾಡಲಿಲ್ಲ. ಬೂದಿಕೋಟೆಯ ದಾರಿಯಲ್ಲಿ ಸ್ವಂತ ಕೊಟ್ಟಿಗೆ ಹಾಕಿ ಚಕ್ರ ಕಟ್ಟತೊಡಗಿದ. ನಾನು ಆ ಕಡೆ ಹೋದಾಗ ಎದ್ದು ನಿಂತು ಕೈ ಮುಗಿಯುತ್ತಿದ್ದ, ಕೂರಲು ಮಣೆ ಹಾಕುತ್ತಿದ್ದ. ಮದುವೆಗೆ ಮಾತ್ರ ಕರೆಯಲಿಲ್ಲ. ಮದುವೆಯಾಯಿತೆಂದು ನನಗೆ ಆಚಾರಿಯವರಿಂದ ತಿಳಿಯಿತು.